ದೀರ್ಘ ಸರಣಿಯ ಅನಿಮೆ ಸಿನಿಮಾಕ್ಕೆ ವಿಮರ್ಶೆ ಬರೆಯುವುದು ಹೇಗೆ? ‘ಒನ್ ಪೀಸ್’ ಚಿತ್ರಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಏಇಚಿರೋ ಒದಾ ಅವರ ‘ಒನ್ ಪೀಸ್’ ಮಾಂಗಾ (ಜಪಾನಿ ಕಾಮಿಕ್ಸ್) 1997ರ ಜುಲೈನಲ್ಲಿ ಶುರುವಾಯಿತು. ಅದರ ಅನಿಮೆ, ಅಂದರೆ ತೋಏ ಆನಿಮೇಷನ್ ಸ್ಟುಡಿಯೋ ತಯಾರಿಸುವ ಆನಿಮೇಷನ್ ಟಿವಿ ಸರಣಿ, 1999ರ ಅಕ್ಟೋಬರ್‌ನಿಂದ ಓಡುತ್ತಿದೆ. 2000ದಿಂದ 2022ರವರೆಗೆ ಇದೇ ಕಡಲ್ಗಳ್ಳರ ಕಥೆಯಿಂದ 15 ಸಿನಿಮಾ ಕವಲೊಡೆದಿವೆ. ಕನ್ನಡದಲ್ಲಿ ಇವುಗಳ ಬಗ್ಗೆ ಬರೆಯಲು ಕೂತವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಒಂದು ಎಚ್ಚರಿಕೆ: ‘ಫಿಲ್ಮ್ ರೆಡ್’ (2022) ಮತ್ತು ‘ಫಿಲ್ಮ್ ಝಡ್’ (2012) ಚಿತ್ರಗಳ ಗುಟ್ಟುಗಳನ್ನು ಉದಾಹರಣೆಗೆ ಬಳಸಿಕೊಂಡಿದ್ದೇವೆ. ನೋಡಿಲ್ಲದವರು ಮೊದಲು ನೋಡಿಬನ್ನಿ.

ಸಾವಿರಕ್ಕೂ ಹೆಚ್ಚು ಕಂತು ನೋಡದೆ ಇಂಥ ಸಿನಿಮಾದ ವಿಮರ್ಶೆ ಬರೆಯಬಹುದಾ?

ಬರೆಯಬಹುದು. ಆದರೆ ನೀವು ಎಲ್ಲಿ ನಿಂತು ನೋಡುತ್ತಿದ್ದೀರಿ ಎಂಬುದನ್ನು ಮೊದಲ ಪ್ಯಾರಾದಲ್ಲೇ ಹೇಳಿಬಿಡಿ. ಈ ಸಿನಿಮಾಗಳಿಗೆ ಮೂರು ಥರದ ಪ್ರೇಕ್ಷಕರಿದ್ದಾರೆ: ಏನೂ ಗೊತ್ತಿಲ್ಲದೆ ಬಂದವರು, ಟಿವಿ ಸರಣಿ ನೋಡುವವರು, ಮಾಂಗಾ ಓದುವವರು. ಒಂದೇ ದೃಶ್ಯ ಮೂವರಿಗೂ ಬೇರೆಬೇರೆ ಥರ ಮುಟ್ಟುತ್ತದೆ. ‘ಫಿಲ್ಮ್ ರೆಡ್’ನ ಕೊನೆಯ ಕಾಳಗದಲ್ಲಿ ಕಥೆಯ ನಾಯಕ, ಕಡಲ್ಗಳ್ಳ ಲೂಫಿಯ ‘ಗೇರ್ 5’ ಎಂಬ ಬಿಳಿ ರೂಪ ಕ್ಷಣಮಾತ್ರ ಮಿಂಚುತ್ತದೆ. ಮಾಂಗಾ ಓದುಗರು ಅದನ್ನು 2022ರ ಮಾರ್ಚ್‌ನಲ್ಲಿ, 1044ನೇ ಅಧ್ಯಾಯದಲ್ಲೇ ಕಂಡಿದ್ದರು. ಟಿವಿಯಲ್ಲಿ ಅದು ಬಂದದ್ದು 2023ರ ಆಗಸ್ಟ್‌ನಲ್ಲಿ, 1071ನೇ ಕಂತಿನಲ್ಲಿ. ಹಾಗಾಗಿ ಸಿನಿಮಾ ಬಿಡುಗಡೆಯಾದ ಹೊತ್ತಿನಲ್ಲಿ ಟಿವಿ ಮಾತ್ರ ನೋಡುತ್ತಿದ್ದವರಿಗೆ ಆ ಬಿಳಿ ರೂಪ ಏನೆಂದೇ ತಿಳಿದಿರಲಿಲ್ಲ. ಇದನ್ನು ಗಮನಿಸದೆ “ಎಲ್ಲರಿಗೂ ರೋಮಾಂಚನ” ಎಂದು ಬರೆದರೆ ಮೂರರಲ್ಲಿ ಎರಡು ಗುಂಪಿನವರನ್ನು ಬಿಟ್ಟಂತೆ.

ಪೂರ್ತಿ ಸರಣಿ ನೋಡಲು ಆಗದಿದ್ದರೆ ಆಯಾ ಸಿನಿಮಾಕ್ಕೆ ಬೇಕಾದಷ್ಟು ನೋಡಿ. ‘ರೆಡ್’ಗೆ 4ನೇ ಕಂತು ಬಿಡಬೇಡಿ, ಲೂಫಿ ಮತ್ತು ಕಡಲ್ಗಳ್ಳರ ನಾಯಕ ಶ್ಯಾಂಕ್ಸ್‌ರ ಹಳೆಯ ನಂಟು ಇರುವುದು ಅಲ್ಲಿ. ಇದರ ಜೊತೆಗೆ ಹಲವು ಸಿನಿಮಾಗಳಿಗೆ ಮುನ್ನುಡಿಯಾಗಿ ಟಿವಿಯಲ್ಲೇ ಕೆಲವು ಕಂತುಗಳು ಬಂದಿವೆ: ‘ಸ್ಟ್ರಾಂಗ್ ವರ್ಲ್ಡ್’ಗೆ 426ರಿಂದ 429, ‘ಝಡ್’ಗೆ 575ರಿಂದ 578, ‘ಗೋಲ್ಡ್’ಗೆ 747ರಿಂದ 750, ‘ಸ್ಟ್ಯಾಂಪೀಡ್’ಗೆ 895 ಮತ್ತು 896, ‘ರೆಡ್’ಗೆ 1029 ಮತ್ತು 1030. ಇವನ್ನು ನೋಡದಿದ್ದರೂ ಸಿನಿಮಾ ಅರ್ಥವಾಗುತ್ತದೆ. ‘ರೆಡ್’ನ ಎರಡು ಕಂತುಗಳನ್ನು ಮಾತ್ರ ನೋಡಲೇಬೇಕು ಎಂಬುದು ನಮ್ಮ ಅಭಿಪ್ರಾಯ. ಆ ಚಿತ್ರದ ಹೊಸ ಪಾತ್ರವಾದ ಗಾಯಕಿ ಉತಾ ಮತ್ತು ಲೂಫಿಯ ಬಾಲ್ಯಕ್ಕೆ ಸಿನಿಮಾದಲ್ಲಿ ಸಿಗದ ಬಿಡುವು ಅಲ್ಲಿ ಸಿಕ್ಕಿದೆ.

ಇದು ಮೂಲಕಥೆಗೆ ಸೇರಿದ್ದೋ ಅಲ್ಲವೋ ಎಂದು ಹೇಗೆ ಗುರುತಿಸುವುದು?

‘ಕ್ಯಾನನ್ (ಮೂಲಕಥೆ) ಹೌದಾ ಅಲ್ಲವಾ’ ಎಂಬ ಜಗಳಕ್ಕೆ ಹೌದು ಅಥವಾ ಅಲ್ಲ ಎಂಬ ಒಂದೇ ಉತ್ತರ ಹೊಂದುವುದಿಲ್ಲ. ಈ 15 ಸಿನಿಮಾಗಳಲ್ಲೇ ಮೂರು ಜಾತಿ ಇವೆ. ಮೊದಲನೆಯದು ಮಾಂಗಾದ ಕಥೆಯನ್ನೇ ಅಡಕಮಾಡಿ ಮತ್ತೆ ಹೇಳುವಂಥದ್ದು. 2007ರ ಅಲಬಸ್ತಾ ಚಿತ್ರ, 2008ರ ಚಾಪರ್ ಚಿತ್ರ ಈ ಸಾಲಿನವು. ಎರಡನೆಯದು ಮೂಲ ಲೇಖಕರ ನೇರ ಕೈವಾಡವಿಲ್ಲದೆ ಸ್ಟುಡಿಯೋ ಹೆಣೆದ ಹೊಸ ಕಥೆ. ಮೊದಲ ದಶಕದ ಬಹುತೇಕ ಚಿತ್ರಗಳು ಹೀಗೇ ಬಂದವು. ಮೂರನೆಯದು ಒದಾ ಅವರೇ ಒಳಗೆ ಕೂತು ಮಾಡಿಸಿದ್ದು.

ಮೂರನೆಯ ಜಾತಿಯನ್ನು ಹೆಸರಿನಿಂದ ಪತ್ತೆಹಚ್ಚಲು ಹೋಗಬೇಡಿ. ‘ಫಿಲ್ಮ್’ ಎಂಬ ಪದ ಇದ್ದರೆ ಒದಾ ಇದ್ದಾರೆ ಎಂಬ ಲೆಕ್ಕ ‘ಸ್ಟ್ಯಾಂಪೀಡ್’ನಲ್ಲಿ ತಪ್ಪುತ್ತದೆ. ಅದರ ಹೆಸರಲ್ಲಿ ಆ ಪದ ಇಲ್ಲ, ಆದರೆ ಅವರ ಮೇಲ್ವಿಚಾರಣೆ ಇತ್ತು. ಕ್ರೆಡಿಟ್ಸ್ ಓದಿ. 2009ರ ‘ಸ್ಟ್ರಾಂಗ್ ವರ್ಲ್ಡ್’ಗೆ ಕಥೆ ಅವರದೇ. ‘ಝಡ್’, ‘ಗೋಲ್ಡ್’, ‘ರೆಡ್’ ಮೂರಕ್ಕೂ ಅವರು ಒಟ್ಟಾರೆ ನಿರ್ಮಾಪಕರು. ‘ಕಥೆ’, ‘ನಿರ್ಮಾಪಕ’, ‘ಮೇಲ್ವಿಚಾರಣೆ’ ಇವು ಬೇರೆಬೇರೆ ತೂಕದ ಮಾತುಗಳು. ಎಲ್ಲವನ್ನೂ ಒಟ್ಟುಸೇರಿಸಿ “ಒದಾ ಬರೆದ ಸಿನಿಮಾ” ಎಂದು ಬರೆದರೆ ಚಿತ್ರಕಥೆ ಬರೆದವರಿಗೆ ಅನ್ಯಾಯವಾಗುತ್ತದೆ. ‘ಗೋಲ್ಡ್’ ಮತ್ತು ‘ರೆಡ್’ ಚಿತ್ರಕಥೆ ಬರೆದವರು ತ್ಸುತೊಮು ಕುರೋಇವಾ.

ಇನ್ನೊಂದು ಗೊಂದಲವಿದೆ: ಸಿನಿಮಾದ ಘಟನೆಗಳು ಮಾಂಗಾದಲ್ಲಿ ನಡೆಯದೇ ಇದ್ದರೂ ಅದರ ಪಾತ್ರ ಮಾಂಗಾ ಲೋಕದ್ದೇ ಆಗಿರಬಹುದು. ‘ಸ್ಟ್ರಾಂಗ್ ವರ್ಲ್ಡ್’ನ ಖಳ ಶಿಕಿ ಹಾಗಿದ್ದಾನೆ. ಆ ಚಿತ್ರದ ಜೊತೆ ಒದಾ ಬರೆದ ‘0’ ಸಂಖ್ಯೆಯ ಅಧ್ಯಾಯ ಶಿಕಿಯ ಹಳೆಯ ದಿನಗಳನ್ನು ಹೇಳುತ್ತದೆ. “ಘಟನೆ ಹೊರಗಿನದು, ಪಾತ್ರ ಒಳಗಿನದು” ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿ. ಅದಕ್ಕೆ ಅರ್ಧ ವಿಮರ್ಶೆ ಖರ್ಚು ಮಾಡಬೇಡಿ.

ಸಿನಿಮಾ ಮುಗಿದ ಮೇಲೆ ಸರಣಿಯಲ್ಲಿ ಏನೂ ಬದಲಾಗುವುದಿಲ್ಲ. ಲೂಫಿ ಸಾಯುವುದಿಲ್ಲ, ಹಡಗು ಮುಳುಗುವುದಿಲ್ಲ. ಹಾಗಿದ್ದಮೇಲೆ ವಿಮರ್ಶೆ ಮಾಡುವುದಕ್ಕೆ ಏನಿದೆ?

ಬಹಳ ಇದೆ. ಇಂಥ ಸಿನಿಮಾವನ್ನು ಅಳೆಯುವ ಸರಿಯಾದ ಕೋಲು ಸಿಗುವುದೂ ಈ ಪ್ರಶ್ನೆಯಲ್ಲೇ. ರಾತ್ರಿಯಿಡೀ ಯಕ್ಷಗಾನ ನೋಡುವವರಿಗೆ ಕರ್ಣ ಬೆಳಗಿನ ಜಾವ ಬೀಳುತ್ತಾನೆ ಎಂದು ಗೊತ್ತಿರುತ್ತದೆ. ಆದರೂ ಯಾರೂ ಎದ್ದುಹೋಗುವುದಿಲ್ಲ. ಏನಾಗುತ್ತದೆ ಎಂಬುದು ಮೊದಲೇ ತೀರ್ಮಾನವಾಗಿದ್ದರೆ, ಅದು ಹೇಗೆ ಆಗುತ್ತದೆ, ಯಾರಿಗೆ ಆಗುತ್ತದೆ ಎಂಬುದರಲ್ಲಿ ಜೀವ ಇರುತ್ತದೆ.

ಕವಲು ಸಿನಿಮಾದಲ್ಲಿ ನಾಯಕರ ತಂಡಕ್ಕೆ ಯಾವ ಗಂಡಾಂತರವೂ ಇಲ್ಲ. ನಿಜವಾಗಿ ಏನನ್ನಾದರೂ ಕಳೆದುಕೊಳ್ಳಬಲ್ಲವರು ಒಬ್ಬರೇ: ಆ ಸಿನಿಮಾಕ್ಕೆಂದೇ ಬಂದುಹೋಗುವ ಹೊಸ ಪಾತ್ರ. ಹಾಗಾಗಿ ವಿಮರ್ಶೆಯ ಅರ್ಧ ಭಾಗವಾದರೂ ಆ ಪಾತ್ರದ ಮೇಲಿರಲಿ. ಮೂರು ಪ್ರಶ್ನೆ ಕೇಳಿಕೊಳ್ಳಿ. ಅವರಿಗೆ ಬೇಕಾದದ್ದು ಏನು? ಅದು ಲೂಫಿಗೆ ಬೇಕಾದದ್ದರ ಜೊತೆ ಎಲ್ಲಿ ಡಿಕ್ಕಿ ಹೊಡೆಯುತ್ತದೆ? ಆ ಡಿಕ್ಕಿಯಿಂದ ನಮಗೆ ಮೊದಲೇ ಪರಿಚಿತವಾದ ಪಾತ್ರಗಳ ಬಗ್ಗೆ ಹೊಸದೇನಾದರೂ ತಿಳಿಯಿತಾ?

‘ಝಡ್’ ಈ ಮೂರಕ್ಕೂ ಗಟ್ಟಿ ಉತ್ತರ ಕೊಡುತ್ತದೆ. ಅದರ ಖಳ ಝೆಫರ್ ಒಂದು ಕಾಲದಲ್ಲಿ ನೌಕಾಪಡೆಯ ಅಡ್ಮಿರಲ್, ಆಮೇಲೆ ಹೊಸಬರಿಗೆ ಪಾಠ ಹೇಳಿದ ಗುರು. ಕಡಲ್ಗಳ್ಳರು ಅವನ ಕುಟುಂಬವನ್ನು ಕೊಂದರು. ಅವನ ಶಿಷ್ಯರನ್ನು ಕೊಂದು ಅವನ ಕೈ ಕತ್ತರಿಸಿದ ಕಡಲ್ಗಳ್ಳನಿಗೆ ಸರಕಾರವೇ ಅಧಿಕೃತ ಪದವಿ ಕೊಟ್ಟಿತು. ಅಲ್ಲಿಗೆ ಅವನ ನಂಬಿಕೆ ಮುರಿಯುತ್ತದೆ. ಮೂರು ‘ಎಂಡ್ ಪಾಯಿಂಟ್’ ದ್ವೀಪಗಳನ್ನು ಡೈನಾ ಕಲ್ಲುಗಳಿಂದ ಸ್ಫೋಟಿಸಿ ‘ನ್ಯೂ ವರ್ಲ್ಡ್’ ಎಂಬ ಇಡೀ ಕಡಲನ್ನೇ ಸುಟ್ಟುಹಾಕಲು ಹೊರಡುತ್ತಾನೆ. ಅವನ ಕೋಪ ನ್ಯಾಯದ್ದೇ, ದಾರಿ ಮಾತ್ರ ತಪ್ಪು. ಅವನ ಎದುರು ನಿಂತ ಲೂಫಿಯೂ ಕಡಲ್ಗಳ್ಳನೇ ಎಂಬುದನ್ನು ಸಿನಿಮಾ ಮರೆಮಾಚುವುದಿಲ್ಲ. ಕೊನೆಗೆ ಇಬ್ಬರೂ ಬರಿಗೈಯಲ್ಲಿ ಗುದ್ದಾಡುವಾಗ ಗೆಲ್ಲುವವರು ಯಾರು ಎಂಬುದು ಗೌಣವಾಗಿಬಿಡುತ್ತದೆ. ಆಮೇಲೆ ಆ ಮುದುಕ ಒಬ್ಬನೇ ನೌಕಾಪಡೆಯ ಎದುರು ಹೋಗಿ ನಿಲ್ಲುವ ದೃಶ್ಯಕ್ಕಾಗಿ ಈ ಚಿತ್ರ ಉಳಿಯುತ್ತದೆ.

ಇದಕ್ಕೆ ಹೋಲಿಸಿದರೆ 2019ರ ‘ಸ್ಟ್ಯಾಂಪೀಡ್’ನ ಡಗ್ಲಸ್ ಬುಲೆಟ್ ಬಲದಲ್ಲಿ ಎಲ್ಲರಿಗಿಂತ ದೊಡ್ಡವನು, ಒಳಗಿನ ಆಸೆಯಲ್ಲಿ ತೆಳು. ಕಡಲ್ಗಳ್ಳರ ರಾಜ ರೋಜರ್‌ನ ಹಡಗಿನಲ್ಲಿದ್ದವನು, ಎಲ್ಲರಿಗಿಂತ ಬಲಶಾಲಿ ಆಗಬೇಕು ಅನ್ನುವವನು. ಇದಕ್ಕಿಂತ ಆಳಕ್ಕೆ ಚಿತ್ರ ಇಳಿಯುವುದಿಲ್ಲ. ಸರಣಿಯ 20ನೇ ವರ್ಷದ ಜಾತ್ರೆಯಾಗಿ ಅದು ಕಣ್ಣು ತುಂಬುತ್ತದೆ. ಜಾತ್ರೆಯನ್ನು ಜಾತ್ರೆಯೆಂದೇ ಬರೆಯಿರಿ, ಅದು ಬೈಗುಳವಲ್ಲ.

ಉತಾ ಒಳ್ಳೆಯ ಪಾತ್ರವೋ ಅಲ್ಲವೋ? ಇದರ ಬಗ್ಗೆ ಇಷ್ಟು ಭಿನ್ನಮತ ಯಾಕೆ?

‘ರೆಡ್’ ತನ್ನ ನಿಯಮಗಳನ್ನು ಬಹಳ ಬೇಗ ಹೇಳಿ ಮುಗಿಸುವುದೇ ಇದಕ್ಕೆ ಕಾರಣ. ಆ ನಿಯಮಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ: ಉತಾಳ ಹಾಡು ಕೇಳಿದವರ ಮನಸ್ಸು ಅವಳು ಕಟ್ಟಿದ ಕನಸಿನ ಲೋಕಕ್ಕೆ ಹೋಗುತ್ತದೆ. ಅವಳು ನಿದ್ದೆಹೋದರೆ ಎಲ್ಲರೂ ಬಿಡುಗಡೆಯಾಗುತ್ತಾರೆ. ನಿದ್ದೆ ಬಾರದಂತೆ ಅವಳು ವಿಷದ ಅಣಬೆ ತಿಂದಿದ್ದಾಳೆ. ಅವಳು ಎಚ್ಚರವಿದ್ದಂತೆಯೇ ಸತ್ತರೆ ಜನ ಆ ಲೋಕದಿಂದ ಎಂದೂ ಹಿಂದಿರುಗುವುದಿಲ್ಲ. ತೋತ್ ಮೂಸಿಕಾ ಎಂಬ ಭೂತ ಎದ್ದಮೇಲೆ ಅದನ್ನು ಎರಡೂ ಲೋಕಗಳಲ್ಲಿ ಒಂದೇ ಕ್ಷಣಕ್ಕೆ ಹೊಡೆಯಬೇಕು. ಈ ಐದರಲ್ಲಿ ಒಂದು ತಪ್ಪಿಸಿಕೊಂಡರೂ ಕೊನೆಯ ಅರ್ಧ ಗಂಟೆ ಬರೀ ಗದ್ದಲವಾಗಿ ಕಾಣುತ್ತದೆ. “ಕ್ಲೈಮ್ಯಾಕ್ಸ್ ಗೊಂದಲಮಯ” ಎಂದು ಬರೆಯುವ ಮುನ್ನ ನಿಯಮವೇ ತಿಳಿಯಲಿಲ್ಲವೋ, ನಿಯಮ ತಿಳಿದಮೇಲೂ ದೃಶ್ಯ ಕೆಟ್ಟಿದೆಯೋ ಎಂದು ಬೇರ್ಪಡಿಸಿ ನೋಡಿ.

ನಮ್ಮ ತೀರ್ಪು ಹೀಗಿದೆ. ಎಲೆಜಿಯಾ ದ್ವೀಪವನ್ನು ಸುಟ್ಟು ತನ್ನನ್ನು ಬಿಟ್ಟುಹೋದವನು ಶ್ಯಾಂಕ್ಸ್ ಎಂದು ಉತಾ ನಂಬಿ ಬೆಳೆದಳು. ಅದು ಸುಳ್ಳು, ನಾಶಕ್ಕೆ ಕಾರಣ ತನ್ನದೇ ಹಾಡು ಎಬ್ಬಿಸಿದ ಭೂತ ಎಂದು ಅವಳಿಗೆ ಒಂದು ವರ್ಷದ ಹಿಂದೆಯೇ ತಿಳಿದಿತ್ತು. ತಿಳಿದೂ ಅವಳು ಹಿಂದೆ ಸರಿಯಲಿಲ್ಲ, ಯಾಕೆಂದರೆ ಅಷ್ಟು ಹೊತ್ತಿಗೆ ಲೋಕದ ಜನ ಅವಳ ಹಾಡಿನ ಆಸರೆಯಲ್ಲೇ ಬದುಕುತ್ತಿದ್ದರು. ಪಾತ್ರದ ತಿರುಳು ಇದು. ಸಿನಿಮಾ ಇದನ್ನು ಕೆಲವೇ ಮಾತಿನಲ್ಲಿ ದಾಟಿಸಿಬಿಡುತ್ತದೆ. ಪಾತ್ರದಲ್ಲಿ ದೋಷವಿಲ್ಲ, ಅದಕ್ಕೆ ಸಿಕ್ಕ ಸಮಯದಲ್ಲಿ ದೋಷವಿದೆ.

ಅವಳ ಎಡಗೈ ಮೇಲಿನ ಗುರುತನ್ನು ಗಮನಿಸಿ. ವಕ್ರವಾದ, ಏನೆಂದು ಸುಲಭಕ್ಕೆ ತಿಳಿಯದ ಚಿತ್ರ ಅದು. ಬಾಲ್ಯದಲ್ಲಿ ಲೂಫಿ ಶ್ಯಾಂಕ್ಸ್‌ನ ಹುಲ್ಲಿನ ಟೋಪಿಯನ್ನು ಬರೆಯಲು ಹೋಗಿ ಹಾಗೆ ಬರೆದದ್ದು. ಲೋಕಪ್ರಸಿದ್ಧ ಗಾಯಕಿಯಾದಮೇಲೂ ಅವಳು ಅದನ್ನೇ ತನ್ನ ಗುರುತು ಮಾಡಿಕೊಂಡಿದ್ದಾಳೆ. ಇಂಥ ಒಂದು ವಿವರವನ್ನು ವಿಮರ್ಶೆಯಲ್ಲಿ ತೋರಿಸಿಕೊಟ್ಟರೆ, “ಭಾವನಾತ್ಮಕವಾಗಿದೆ” ಎಂದು ಹತ್ತು ಸಲ ಬರೆಯುವುದು ತಪ್ಪುತ್ತದೆ.

ಕಥೆ ಎಷ್ಟು ಹೇಳಬಹುದು? ಸ್ಪಾಯ್ಲರ್ ಗೆರೆ ಎಲ್ಲಿ?

ಟ್ರೇಲರ್ ಹೇಳಿದ್ದನ್ನೆಲ್ಲ ಹೇಳಬಹುದು. ಉತಾ ಶ್ಯಾಂಕ್ಸ್‌ನ ಮಗಳು ಎಂಬುದು ಪ್ರಚಾರದಲ್ಲೇ ಬಂದಿತ್ತು, ಮುಚ್ಚಿಡುವ ಅಗತ್ಯವಿಲ್ಲ. ಅದಕ್ಕೆ ಮೇಲೆ, ಸಿನಿಮಾದ ಮೊದಲ 30 ನಿಮಿಷದಷ್ಟು. ಕಥಾಸಾರ 100ರಿಂದ 120 ಪದ ದಾಟದಿರಲಿ. ಅಂತ್ಯದ ಚರ್ಚೆ ಬೇಕೇಬೇಕು ಅನ್ನಿಸಿದರೆ ಕೊನೆಯಲ್ಲಿ ಪ್ರತ್ಯೇಕ ತಲೆಬರಹ ಕೊಟ್ಟು ಬರೆಯಿರಿ. ಸರಣಿಯ ಗುಟ್ಟುಗಳಿಗೂ ಇದೇ ನಿಯಮ. ಸಿನಿಮಾದ ಗುಟ್ಟು ಕಾಪಾಡಿ ಸರಣಿಯ ದೊಡ್ಡ ಸಾವೊಂದನ್ನು ಉಪಮೆಯಲ್ಲಿ ಬಿಟ್ಟುಕೊಡುವ ತಪ್ಪು ತುಂಬ ಸಾಮಾನ್ಯ.

ಎಷ್ಟು ಸಲ ನೋಡಬೇಕು? ಟಿಪ್ಪಣಿ ಹೇಗೆ?

ಎರಡು ಸಲ. ಮೊದಲ ಸಲ ಏನೂ ಬರೆಯಬೇಡಿ, ಸಬ್‌ಟೈಟಲ್ ಓದುತ್ತ ಬರೆಯಲು ಹೋದರೆ ಚಿತ್ರವೇ ತಪ್ಪುತ್ತದೆ. ಥಿಯೇಟರಿಂದ ಹೊರಬಂದ ಹತ್ತು ನಿಮಿಷದೊಳಗೆ ನೆನಪಿರುವ ಐದು ದೃಶ್ಯ, ಬೇಸರ ಬಂದ ಎರಡು ಜಾಗ ಬರೆದುಕೊಳ್ಳಿ. ಎರಡನೇ ಸಲ ಮನೆಯಲ್ಲಿ, ಸಮಯ ಗುರುತು ಹಾಕಿಕೊಂಡು ನೋಡಿ: ಹೊಸ ಪಾತ್ರ ಬಂದ ನಿಮಿಷ, ಅವರ ಉದ್ದೇಶ ತಿಳಿದ ನಿಮಿಷ, ಕೊನೆಯ ಕಾಳಗ ಶುರುವಾದ ನಿಮಿಷ. 115 ನಿಮಿಷದ ಚಿತ್ರದಲ್ಲಿ ಉದ್ದೇಶ ತಿಳಿಯುವುದು 80ರ ನಂತರವಾದರೆ ಎಡವಿದ್ದು ಎಲ್ಲಿ ಎಂದು ಆ ಸಂಖ್ಯೆಗಳೇ ಹೇಳುತ್ತವೆ.

ಟಿವಿ ಸರಣಿ ಒಂದು ಅಧ್ಯಾಯವನ್ನು ಹೆಚ್ಚುಕಡಿಮೆ ಒಂದು ಕಂತಿಗೆ ಹಿಗ್ಗಿಸುತ್ತದೆ. ಆ ನಿಧಾನಕ್ಕೆ ಒಗ್ಗಿದ ಕಣ್ಣಿಗೆ ಯಾವ ಸಿನಿಮಾವಾದರೂ ಮೊದಲ ನೋಟಕ್ಕೆ ಅವಸರದ್ದಾಗಿಯೇ ಕಾಣುತ್ತದೆ. ಎರಡನೇ ಸಲ ನೋಡಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.

“ಆನಿಮೇಷನ್ ಸೂಪರ್” ಎನ್ನುವುದನ್ನು ಬಿಟ್ಟು ಬೇರೆ ಏನು ಬರೆಯಬಹುದು?

ಚಲನೆಯನ್ನು ಎಣಿಸಿ ನೋಡಿ. ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ. ಪ್ರತಿ ಫ್ರೇಮಿಗೂ ಹೊಸ ಚಿತ್ರ ಬರೆದರೆ ಸೆಕೆಂಡಿಗೆ 24 ಚಿತ್ರ, ಎರಡು ಫ್ರೇಮಿಗೊಂದಾದರೆ 12, ಮೂರಕ್ಕೊಂದಾದರೆ 8. ಜಪಾನಿನ ಟಿವಿ ಅನಿಮೆಯಲ್ಲಿ ಸಾಮಾನ್ಯವಾಗಿ ಕಾಣುವುದು 8 ಮತ್ತು 12. ಮನೆಯಲ್ಲಿ ನೋಡುವಾಗ ವಿಎಲ್‌ಸಿ ಪ್ಲೇಯರಿನಲ್ಲಿ ‘ಇ’ ಕೀಲಿ ಒತ್ತಿದರೆ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ. ಯೂಟ್ಯೂಬಿನ ಟ್ರೇಲರ್ ಆದರೆ ನಿಲ್ಲಿಸಿ, ಪೂರ್ಣವಿರಾಮದ ಕೀಲಿ ಒತ್ತಿ. ಒಂದು ಹೊಡೆತದಲ್ಲಿ ಎಷ್ಟು ಒತ್ತಿಗೆ ಚಿತ್ರ ಬದಲಾಗುತ್ತದೆ ಎಂದು ನೋಡಿ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ: ಹೆಚ್ಚು ಚಿತ್ರ ಎಂದರೆ ಹೆಚ್ಚು ಚೆನ್ನ ಎಂದಲ್ಲ. ಹೊಡೆತ ಬೀಳುವ ಮುನ್ನ ಒಂದು ಭಂಗಿಯನ್ನು ತಡೆದು ನಿಲ್ಲಿಸಿ, ಆಮೇಲೆ ಎರಡೇ ಚಿತ್ರದಲ್ಲಿ ಕೈ ಹಾರಿಸಿದರೆ ಪೆಟ್ಟಿಗೆ ತೂಕ ಬರುತ್ತದೆ. ರಬ್ಬರಿನ ದೇಹದ ಲೂಫಿಗೆ ಈ ತಂತ್ರ ವಿಶೇಷವಾಗಿ ಒಪ್ಪುತ್ತದೆ. ಕಂಪ್ಯೂಟರ್ 3ಡಿಯಲ್ಲಿ ಮಾಡಿದ ಭಾಗಗಳನ್ನೂ ಗುರುತಿಸಿ: ಜನಜಂಗುಳಿ, ಹಡಗು, ವೇದಿಕೆಯ ನೃತ್ಯ. ಕೈಯಲ್ಲಿ ಬರೆದ ಪಾತ್ರದ ಪಕ್ಕದಲ್ಲಿ ಅವು ಎದ್ದುಕಾಣುತ್ತವೆಯೋ, ಬೆರೆಯುತ್ತವೆಯೋ ಎಂಬುದನ್ನು ಒಂದು ಉದಾಹರಣೆಯೊಂದಿಗೆ ಹೇಳಿ.

2005ರ ಚಿತ್ರ ನೋಡಲು ವಿಚಿತ್ರವಾಗಿದೆ. ಅದು ಕೆಟ್ಟ ಕೆಲಸವಾ?

ಅಲ್ಲ. ಬ್ಯಾರನ್ ಒಮತ್ಸುರಿಯ ದ್ವೀಪದ ಆ ಚಿತ್ರವನ್ನು ನಿರ್ದೇಶಿಸಿದವರು ಮಮೊರು ಹೊಸೊದಾ. ಪಾತ್ರಗಳ ಮೇಲೆ ನೆರಳಿನ ಗೆರೆಯೇ ಇಲ್ಲದ, ಚಪ್ಪಟೆ ಬಣ್ಣದ ಶೈಲಿ ಅವರದು. ನೆರಳು ಬರೆಯದಿದ್ದರೆ ಚಲನೆ ಹಗುರಾಗುತ್ತದೆ, ಮುಖಭಾವ ಚಿಕ್ಕ ಗೆರೆಯಲ್ಲೇ ಬದಲಾಗುತ್ತದೆ. ನಗುನಗುತ್ತ ಆಟಗಳಿಂದ ಶುರುವಾಗುವ ಕಥೆ ತಂಡದೊಳಗಿನ ಬಿರುಕಿಗೆ, ಭಯಕ್ಕೆ ಜಾರುವಾಗ ಆ ಚಪ್ಪಟೆ ಬಣ್ಣವೇ ಮೈ ನಡುಗಿಸುತ್ತದೆ. ಸರಣಿಯ ರೂಢಿಗೆ ಹೊಂದುವುದಿಲ್ಲ ಎನ್ನುವುದು ನಿಜ, ಆದರೆ ಹೊಂದದಿರುವುದು ಕೆಟ್ಟದ್ದಲ್ಲ. 15ರಲ್ಲಿ ನಿರ್ದೇಶಕನ ಕೈಬರಹ ಇಷ್ಟು ಸ್ಪಷ್ಟವಾಗಿ ಕಾಣುವ ಚಿತ್ರ ಇನ್ನೊಂದಿಲ್ಲ.

ಹಾಡುಗಳ ಬಗ್ಗೆ ಹೇಗೆ ಬರೆಯುವುದು?

‘ರೆಡ್’ನಲ್ಲಿ ಉತಾಳ ಮಾತಿಗೆ ದನಿ ಕವೋರಿ ನಜುಕಾ, ಹಾಡಿಗೆ ದನಿ ‘ಅದೋ’ ಎಂಬ ಗಾಯಕಿ. ಏಳು ಹಾಡು, ಒಂದೊಂದಕ್ಕೂ ಬೇರೆ ಸಂಗೀತಗಾರರು. ಮೊದಲನೆಯ ‘ಶಿನ್ ಜಿದಾಯ್’, ಅಂದರೆ ‘ಹೊಸ ಯುಗ’, ಯಸುತಕಾ ನಕತಾ ಅವರದು. ‘ತೋತ್ ಮೂಸಿಕಾ’ ಹಿರೊಯುಕಿ ಸವಾನೋ ಅವರದು. ಪ್ರತಿ ಹಾಡಿಗೂ ಒಂದೇ ಪ್ರಶ್ನೆ ಕೇಳಿ: ಇದನ್ನು ತೆಗೆದುಹಾಕಿದರೆ ಕಥೆಯಲ್ಲಿ ಏನು ಹೋಗುತ್ತದೆ? ‘ತೋತ್ ಮೂಸಿಕಾ’ ತೆಗೆದರೆ ಭೂತವೇ ಏಳುವುದಿಲ್ಲ, ಆ ಹಾಡೇ ಘಟನೆ. ನಡುವಿನ ಒಂದೆರಡನ್ನು ತೆಗೆದರೆ ಕಥೆ ಅಲುಗಾಡುವುದಿಲ್ಲ, ಮತ್ತು ಉತಾಳ ಹಿನ್ನೆಲೆಗೆ ಬೇಕಿದ್ದ ನಿಮಿಷಗಳು ಹೋದದ್ದು ಅಲ್ಲೇ. ಜಪಾನಿ ಭಾಷೆಯಲ್ಲಿ ‘ಉತಾ’ ಎಂದರೆ ‘ಹಾಡು’ ಎಂಬುದನ್ನು ಓದುಗರಿಗೆ ತಿಳಿಸಿ.

ಸಬ್ ನೋಡಬೇಕಾ, ಡಬ್ ನೋಡಬೇಕಾ?

ಯಾವುದನ್ನು ನೋಡಿದಿರಿ ಎಂದು ಹೇಳಿದರೆ ಸಾಕು. ಪರೀಕ್ಷಿಸಬೇಕಾದ ಅಂಶ ಒಂದಿದೆ: ಮರುಕಳಿಸುವ ಮಾತು. ಬಾಲ್ಯದ ಪಂದ್ಯಗಳಲ್ಲಿ ಸೋಲೊಪ್ಪದ ಲೂಫಿಯನ್ನು ಉತಾ “ಮಕೆಒಶಿಮಿ” ಎಂದು ಕೆಣಕುತ್ತಾಳೆ. ಸೋತರೂ ಒಪ್ಪದವನ ಹಟ ಎಂಬ ಅರ್ಥ. ಬೆಳೆದಮೇಲೂ ಅದೇ ಮಾತು ಬರುತ್ತದೆ, ಅಲ್ಲಿ ಅದರ ದನಿ ಬೇರೆ. ಅನುವಾದ ಎರಡು ಕಡೆ ಎರಡು ಬೇರೆ ಪದ ಹಾಕಿದ್ದರೆ ಆ ಕೊಂಡಿ ಕಳಚಿಹೋಗುತ್ತದೆ. ಹಾಡುಗಳಿಗೆ ಸಬ್‌ಟೈಟಲ್ ಇದೆಯೋ ಇಲ್ಲವೋ ಎಂಬುದನ್ನೂ ಬರೆಯಿರಿ. ಈ ಚಿತ್ರದಲ್ಲಿ ಸಾಹಿತ್ಯವೂ ಕಥೆ.

ಜಪಾನಿ ಹೆಸರುಗಳನ್ನು ಕನ್ನಡದಲ್ಲಿ ಹೇಗೆ ಬರೆಯುವುದು?

ಇಂಗ್ಲಿಷ್ ಕಾಗುಣಿತ ನೋಡಿ ಬರೆಯಬೇಡಿ. ಜಪಾನಿ ಭಾಷೆಯಲ್ಲಿ ಹ್ರಸ್ವ ದೀರ್ಘಗಳಿಗೆ ಬೆಲೆ ಇದೆ, ಕನ್ನಡದಲ್ಲಿ ಒ ಮತ್ತು ಓ, ಎ ಮತ್ತು ಏ ಎರಡೂ ಇರುವುದರಿಂದ ನಮಗೆ ಅದು ಸಲೀಸು. ಲೇಖಕರ ಹೆಸರು ‘ಓಡಾ’ ಅಲ್ಲ, ‘ಒದಾ’: ಮೊದಲ ಸ್ವರ ಹ್ರಸ್ವ, ‘ದ’ ಹಲ್ಲಿನದು. ‘ರೆಡ್’ ನಿರ್ದೇಶಕರು ಗೊರೋ ತನಿಗುಚಿ, ಕೊನೆಯ ‘ರೋ’ ದೀರ್ಘ. ಆದರೆ ‘ಲೂಫಿ’ಯಂತೆ ಈಗಾಗಲೇ ರೂಢಿಯಾದದ್ದನ್ನು ತಿದ್ದಲು ಹೋಗಬೇಡಿ. ಒಂದು ಲೇಖನದಲ್ಲಿ ಒಂದೇ ರೂಪ ಇರಲಿ.

ತಂಡದ ಎಲ್ಲರಿಗೂ ಕೆಲಸ ಸಿಕ್ಕಿಲ್ಲ ಎಂಬ ದೂರು ನ್ಯಾಯವೇ?

ಭಾಗಶಃ. ಹತ್ತು ಜನರಿಗೂ ಎರಡು ಗಂಟೆಯಲ್ಲಿ ಪೂರ್ತಿ ಪಾತ್ರ ಕೊಡಲು ಆಗುವುದಿಲ್ಲ. ಕೊಟ್ಟ ಒಂದು ಕೆಲಸ ಆ ಪಾತ್ರ ಮಾತ್ರ ಮಾಡಬಲ್ಲದ್ದಾಗಿತ್ತಾ ಎಂದು ನೋಡಿ. ‘ರೆಡ್’ನಲ್ಲಿ ಎರಡು ಲೋಕಗಳ ಹೊಡೆತವನ್ನು ಒಂದೇ ಕ್ಷಣಕ್ಕೆ ಹೊಂದಿಸುವುದು ಉಸೊಪ್ ಮತ್ತು ಅವನ ತಂದೆ ಯಸೊಪ್‌ರ ನೋಟ ಕೂಡಿದಾಗ. ಸರಣಿಯಲ್ಲಿ ಕಡಲಿನ ಬೇರೆಬೇರೆ ಮೂಲೆಗಳಲ್ಲಿರುವ ಅಪ್ಪಮಗ ಇಲ್ಲಿ ಒಂದೇ ಗುರಿ ನೋಡುತ್ತಾರೆ. ಆ ಕೆಲಸವನ್ನು ಇನ್ನಾರಿಗೂ ಕೊಡುವಂತಿರಲಿಲ್ಲ.

ಗಳಿಕೆಯನ್ನು ವಿಮರ್ಶೆಯಲ್ಲಿ ಸೇರಿಸಬೇಕಾ?

ಸುದ್ದಿಯಾಗಿ ಸೇರಿಸಿ, ವಾದವಾಗಿ ಬೇಡ. ‘ರೆಡ್’ ಮರುಬಿಡುಗಡೆಯೂ ಸೇರಿ ಜಪಾನಿನಲ್ಲಿ ಎರಡು ಸಾವಿರ ಕೋಟಿ ಯೆನ್ ದಾಟಿತು, ‘ಝಡ್’ ಅದರ ಅರ್ಧಕ್ಕೂ ಬರಲಿಲ್ಲ. ಆದರೂ ಖಳಪಾತ್ರದ ಕಟ್ಟಡದಲ್ಲಿ ‘ಝಡ್’ ಮುಂದಿದೆ. ಜಪಾನಿನಲ್ಲಿ ಪ್ರೇಕ್ಷಕರಿಗೆ ವಿಶೇಷ ಪುಸ್ತಿಕೆ ಹಂಚುವ ಪದ್ಧತಿಯೂ ಜನರನ್ನು ಸೆಳೆಯುತ್ತದೆ. ‘ರೆಡ್’ಗೆ 30 ಲಕ್ಷ ಪ್ರತಿ ಮಾಡಿದ್ದರು.

ಸ್ಟಾರ್ ಕೊಡಬೇಕಾ?

ಕೊಡಲೇಬೇಕಿದ್ದರೆ ಎರಡು ಕೊಡಿ: ಸರಣಿ ಬಲ್ಲವರಿಗೊಂದು, ಹೊಸಬರಿಗೊಂದು. ‘ಸ್ಟ್ಯಾಂಪೀಡ್’ಗೆ ಇವೆರಡರ ನಡುವೆ ದೊಡ್ಡ ಅಂತರ ಬರುತ್ತದೆ, ‘ಝಡ್’ಗೆ ಸಣ್ಣದು.

ಸಿನಿಮಾದ ಸ್ಟಿಲ್ ಬಳಸಬಹುದಾ? ಥಿಯೇಟರಿನಲ್ಲಿ ಒಂದು ಕ್ಲಿಪ್ ತೆಗೆದರೆ?

ಥಿಯೇಟರಿನಲ್ಲಿ ಫೋನ್ ಎತ್ತಲೇಬೇಡಿ. ‘ರೆಡ್’ 2022ರ ಅಕ್ಟೋಬರ್ 7ರಂದು ಭಾರತದಲ್ಲಿ ತೆರೆಕಂಡಿತು. ಇಂಥ ಬಿಡುಗಡೆಗಳು ಹೆಚ್ಚುತ್ತಿರುವಾಗ ಈ ನಿಯಮ ತಿಳಿದಿರಬೇಕು: 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಕಾಯ್ದೆಯಂತೆ ಅನುಮತಿಯಿಲ್ಲದೆ ಪರದೆಯನ್ನು ಚಿತ್ರೀಕರಿಸಿದರೆ 3 ತಿಂಗಳಿಂದ 3 ವರ್ಷ ಜೈಲು, ಕನಿಷ್ಠ 3 ಲಕ್ಷ ರೂಪಾಯಿ ದಂಡ. ವಿಮರ್ಶೆಗೆ ನ್ಯಾಯವಾದ ಮಿತಿಯಲ್ಲಿ ಕೃತಿಯನ್ನು ಉಲ್ಲೇಖಿಸಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಪ್ರಚಾರಕ್ಕೆಂದು ಅಧಿಕೃತವಾಗಿ ಬಿಟ್ಟ ಎರಡು ಮೂರು ಸ್ಟಿಲ್ ಸಾಕು.

ಮೊದಲ ವಿಮರ್ಶೆಗೆ ಯಾವ ಸಿನಿಮಾ ಒಳ್ಳೆಯದು?

‘ಝಡ್’. 107 ನಿಮಿಷ, ಒಬ್ಬನೇ ಖಳ, ಒಂದೇ ನೇರ ಗುರಿ. ಐನ್ ಎಂಬ ಹೆಣ್ಣಿನ ಶಕ್ತಿ ಮುಟ್ಟಿದವರ ವಯಸ್ಸು 12 ವರ್ಷ ಹಿಂದಕ್ಕೆ ಹೋಗುತ್ತದೆ ಎಂಬುದೊಂದನ್ನು ನೆನಪಿಟ್ಟರೆ ಲೂಫಿಯ ತಂಡದ ನಾಮಿ ಪುಟ್ಟ ಹುಡುಗಿಯಾಗಿ ಯಾಕೆ ಕಾಣುತ್ತಾಳೆ ಎಂದು ತಿಳಿಯುತ್ತದೆ. ಅದಾದಮೇಲೆ 2005ರದನ್ನು ನೋಡಿ, ಆಮೇಲೆ ‘ರೆಡ್’.